ದಾನಸಂಸ್ಥೆ ಮತ್ತು ಪ್ರಭುತ್ವ: ಸಮಾಜ ಕಲ್ಯಾಣದ ಚರಿತ್ರೆ ಬರೆಯಹೊರಟವರಿಗೆ ಒಂದು ಕೈಪಿಡಿ

ಸಮಾಜ ಕಲ್ಯಾಣದ ಚರಿತ್ರೆಯನ್ನು ಬರೆಯಲು ಕುಳಿತವರಲ್ಲಿ ಹೆಚ್ಚಿನವರು ಒಂದು ಸಿದ್ಧ ಕಥೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಆರಂಭಿಸುತ್ತಾರೆ. ಮೊದಲು ಬಡವರನ್ನು ಧರ್ಮಿಷ್ಠರು ನೋಡಿಕೊಳ್ಳುತ್ತಿದ್ದರು, ಅದು ಸಾಲದೆ ಹೋದಾಗ ಪ್ರಭುತ್ವ ಮುಂದೆ ಬಂದಿತು, 20ನೆಯ ಶತಮಾನದ ನಡುವಿನಲ್ಲಿ ಕಲ್ಯಾಣ ರಾಜ್ಯ ನೆಲೆಗೊಂಡಿತು, ಈಚೆಗೆ ಅದು ಹಿಂದೆ ಸರಿಯುತ್ತಿರುವುದರಿಂದ ಸ್ವಯಂಸೇವಾ ಸಂಸ್ಥೆಗಳು ಮತ್ತೆ ತಲೆಯೆತ್ತಿವೆ ಎಂಬುದೇ ಆ ಕಥೆ. ಇದರಲ್ಲಿ ಪೂರ್ತಿ ಸುಳ್ಳಿಲ್ಲ. ಆದರೆ ಯಾವುದಾದರೂ ಒಂದು ಹಳೆಯ ಅನಾಥಾಲಯದ ಅಥವಾ ಆಸ್ಪತ್ರೆಯ ಜಮಾಖರ್ಚಿನ ಪುಸ್ತಕವನ್ನು ತೆರೆದ ಕೂಡಲೇ ಈ ಕಥೆ ಅಲುಗಾಡತೊಡಗುತ್ತದೆ. ದಾನಸಂಸ್ಥೆ ಎಂದು ಹೆಸರಾದದ್ದರ ಹಣ ಖಜಾನೆಯಿಂದ ಬಂದಿರುತ್ತದೆ. ಸರ್ಕಾರದ್ದೆಂದು ತಿಳಿದಿದ್ದ ಕೆಲಸವನ್ನು ಸಂಬಳವಿಲ್ಲದ ನಾಗರಿಕರು ಮಾಡಿರುತ್ತಾರೆ. ಈ ಬೆರಕೆಯನ್ನು ಬಿಡಿಸಿ ನೋಡುವುದು ಹೇಗೆ, ಯಾವ ದಾಖಲೆಗಳನ್ನು ಯಾವ ಎಚ್ಚರದಿಂದ ಓದಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಇಂಗ್ಲೆಂಡಿನವು, ಏಕೆಂದರೆ ಅಲ್ಲಿ ಕಾನೂನಿನ ದಾಖಲೆ ಉದ್ದಕ್ಕೂ ಕಡಿಯದೆ ಸಿಗುತ್ತದೆ; ವಿಧಾನ ಮಾತ್ರ ಯಾವ ದೇಶಕ್ಕೂ ಸಲ್ಲುವಂಥದ್ದು.

ವಿಷಯದ ಆಯ್ಕೆ

ಮೊದಲ ಕೆಲಸವೆಂದರೆ ಸಂಸ್ಥೆಯನ್ನಲ್ಲ, ಒಂದು ಅಗತ್ಯವನ್ನು ಆರಿಸಿಕೊಳ್ಳುವುದು. ತೊರೆದ ಮಕ್ಕಳು, ದುಡಿಯಲಾಗದ ಮುಪ್ಪು, ಕೆಲಸದಲ್ಲಿ ಆದ ಗಾಯ, ನಿರುದ್ಯೋಗ, ಮಾನಸಿಕ ಕಾಯಿಲೆ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಸಂಸ್ಥೆಯನ್ನೇ ಹಿಡಿದು ಹೊರಟರೆ ಬರವಣಿಗೆ ಶತಮಾನೋತ್ಸವದ ಸ್ಮರಣ ಸಂಚಿಕೆಯ ದಾರಿ ಹಿಡಿಯುವ ಅಪಾಯವಿದೆ: ಸ್ಥಾಪಕರ ಭಾವಚಿತ್ರ, ಹೊಸ ಕಟ್ಟಡದ ಉದ್ಘಾಟನೆ, ಗಣ್ಯರ ಭೇಟಿ. ಅಗತ್ಯವನ್ನು ಹಿಡಿದರೆ ಅದು ಒಂದು ಕೈಯಿಂದ ಇನ್ನೊಂದು ಕೈಗೆ ಯಾವಾಗ, ಯಾವ ಷರತ್ತಿನ ಮೇಲೆ ದಾಟಿತು ಎಂಬುದು ತಾನಾಗಿ ಮುಂದೆ ಬರುತ್ತದೆ. ನಿಜವಾದ ಚರಿತ್ರೆ ಇರುವುದು ಆ ದಾಟುವಿಕೆಯಲ್ಲಿ.

ಪದಗಳ ಲೆಕ್ಕ

ಎರಡನೆಯದಾಗಿ, ಬಳಸುವ ಪದಗಳು ಆಯಾ ಕಾಲದಲ್ಲಿ ಏನನ್ನು ಸೂಚಿಸುತ್ತಿದ್ದವು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕನ್ನಡದಲ್ಲಿ ನಮಗೆ ಒಂದು ಅನುಕೂಲವಿದೆ. ಕೊಟ್ಟು ಮುಗಿಯುವ ದಾನಕ್ಕೂ, ಅಸಲನ್ನು ಹಾಗೆಯೇ ಉಳಿಸಿ ಅದರ ಹುಟ್ಟುವಳಿಯಿಂದ ನಡೆಯುವ ದತ್ತಿಗೂ ನಾವು ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿದ್ದೇವೆ. ಈ ವ್ಯತ್ಯಾಸ ಬರಿಯ ಪದದ್ದಲ್ಲ. ದಾನವನ್ನು ಪ್ರಭುತ್ವ ಗಮನಿಸದೆಯೂ ಇರಬಹುದು; ದತ್ತಿಯನ್ನು ಗಮನಿಸದೆ ಇರಲಾರದು, ಏಕೆಂದರೆ ಸತ್ತವರ ಇಚ್ಛೆಯಂತೆ ಆಸ್ತಿಯನ್ನು ಶಾಶ್ವತವಾಗಿ ಕಟ್ಟಿಹಾಕಿಡಬೇಕಾದರೆ ನ್ಯಾಯಾಲಯದ ಬೆಂಬಲ ಬೇಕೇ ಬೇಕು. ದಾನಸಂಸ್ಥೆಗಳ ಚರಿತ್ರೆಯಲ್ಲಿ ಪ್ರಭುತ್ವ ಹೊರಗಿನಿಂದ ಬಂದ ಅತಿಥಿಯಲ್ಲ ಎಂಬುದಕ್ಕೆ ಇದೇ ಮೊದಲ ಸಾಕ್ಷಿ.

ಇಂಗ್ಲೆಂಡಿನ ಪಾರ್ಲಿಮೆಂಟು 1601ರಲ್ಲಿ ಎರಡು ಕಾಯಿದೆಗಳನ್ನು ಜೊತೆಜೊತೆಯಾಗಿ ಮಾಡಿತು. ಒಂದು, ಪ್ರತಿ ಪ್ಯಾರಿಷ್‌ನಲ್ಲೂ (ಒಂದು ಚರ್ಚಿನ ವ್ಯಾಪ್ತಿಯ ಸ್ಥಳೀಯ ಆಡಳಿತ ಘಟಕ) ತೆರಿಗೆ ಎತ್ತಿ ಬಡವರನ್ನು ನೋಡಿಕೊಳ್ಳಬೇಕೆಂಬ ಬಡವರ ಕಾಯಿದೆ. ಇನ್ನೊಂದು, ದತ್ತಿಗಳ ಹಣ ದುರುಪಯೋಗವಾಗದಂತೆ ವಿಚಾರಣೆ ನಡೆಸುವ ಕಾಯಿದೆ. ಬಹಳಷ್ಟು ಪುಸ್ತಕಗಳಲ್ಲಿ ಇವು ಬೇರೆ ಬೇರೆ ಅಧ್ಯಾಯಗಳಲ್ಲಿ ಕೂರುತ್ತವೆ. ಎರಡನ್ನೂ ಒಟ್ಟಿಗೆ ಓದಬೇಕು. ಎರಡನೆಯ ಕಾಯಿದೆಯ ಪೀಠಿಕೆಯಲ್ಲಿ ಮುದುಕರು, ಅಶಕ್ತರು, ಗಾಯಗೊಂಡ ಸೈನಿಕರು ಮತ್ತು ಅನಾಥರ ಜೊತೆಗೆ ಸೇತುವೆ, ಬಂದರು, ಹೆದ್ದಾರಿಗಳ ದುರಸ್ತಿಯೂ, ಬಡ ಹುಡುಗಿಯರ ಮದುವೆಯೂ, ತೆರಿಗೆ ಕಟ್ಟಲಾರದವರಿಗೆ ನೆರವೂ ಧರ್ಮಕಾರ್ಯಗಳ ಪಟ್ಟಿಯಲ್ಲಿವೆ. ಇಂದು ಲೋಕೋಪಯೋಗಿ ಇಲಾಖೆಯ ಪಾಲಿಗೆ ಬಿದ್ದಿರುವ ಕೆಲಸ ಅಂದು ದತ್ತಿಯ ವ್ಯಾಪ್ತಿಯೊಳಗಿತ್ತು. 1891ರ ಪೆಮ್ಸೆಲ್ ಮೊಕದ್ದಮೆಯಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾಕ್ನಾಟನ್ ಇವನ್ನೆಲ್ಲ ಬಡತನದ ನಿವಾರಣೆ, ಶಿಕ್ಷಣ, ಧರ್ಮ ಮತ್ತು ಸಮುದಾಯಕ್ಕೆ ಹಿತವಾದ ಇತರ ಉದ್ದೇಶಗಳು ಎಂಬ ನಾಲ್ಕು ತಲೆಬರಹಗಳಿಗೆ ಇಳಿಸಿದರು. ಆ ಮೊಕದ್ದಮೆ ಬಡವರ ಬಗ್ಗೆ ಅಲ್ಲ, ಆದಾಯ ತೆರಿಗೆಯ ವಿನಾಯಿತಿಯ ಬಗ್ಗೆ ನಡೆದದ್ದು ಎಂಬುದನ್ನು ಮರೆಯಬಾರದು. ದಾನ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಬಹಳ ಸಲ ತೆರಿಗೆ ಅಧಿಕಾರಿಯ ಮೇಜಿನ ಮೇಲೆಯೇ ಸಿಗುತ್ತದೆ.

ಪ್ರಭುತ್ವ ಎಂಬ ಪದಕ್ಕೂ ಇದೇ ಎಚ್ಚರ ಬೇಕು. 1601ರ ಕಾಯಿದೆಯಂತೆ ಬಡವನ ಮನೆಗೆ ಬರುತ್ತಿದ್ದ ಪ್ರಭುತ್ವವೆಂದರೆ ಅದೇ ಪ್ಯಾರಿಷ್‌ನ ಒಬ್ಬ ನೆರೆಯವನು. ಅವನನ್ನು ಒಂದು ವರ್ಷದ ಮಟ್ಟಿಗೆ ಸಂಬಳವಿಲ್ಲದ ಮೇಲ್ವಿಚಾರಕನಾಗಿ ನೇಮಿಸಲಾಗುತ್ತಿತ್ತು. ಕೇಂದ್ರ ಸರ್ಕಾರ, ನಗರಸಭೆ, ಪ್ಯಾರಿಷ್ ಇವುಗಳನ್ನು ಒಂದೇ ಪದದಲ್ಲಿ ಸುತ್ತಿಟ್ಟರೆ ಮುಂದಿನ ವಿಶ್ಲೇಷಣೆಯೆಲ್ಲ ಮಸುಕಾಗುತ್ತದೆ.

ನಾಲ್ಕು ಪ್ರಶ್ನೆಗಳು

ಈ ಇಡೀ ವಿಧಾನದ ಬೆನ್ನೆಲುಬು ಇಲ್ಲಿದೆ. ಯಾವ ನೆರವಿನ ಏರ್ಪಾಟನ್ನು ಕಂಡರೂ ಅದು ಸರ್ಕಾರದ್ದೋ ಖಾಸಗಿಯದೋ ಎಂದು ಕೇಳುವ ಬದಲು ನಾಲ್ಕು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು: ಹಣ ಯಾರದು, ಯಾರಿಗೆ ಕೊಡಬೇಕೆಂದು ನಿರ್ಧರಿಸಿದವರು ಯಾರು, ಕೈಯಾರೆ ಕೊಟ್ಟವರು ಯಾರು, ಮತ್ತು ತಪ್ಪಾದರೆ ಉತ್ತರ ಹೇಳಬೇಕಾದವರು ಯಾರು. ನಾಲ್ಕಕ್ಕೂ ಒಂದೇ ಉತ್ತರ ಬರುವ ಏರ್ಪಾಟು ಅಪರೂಪ.

1552ರಲ್ಲಿ ಆಟೊಮನ್ ಸುಲ್ತಾನ್ ಸುಲೇಮಾನನ ಪತ್ನಿ ಹುರ್ರೆಮ್ ಜೆರುಸಲೆಮಿನಲ್ಲಿ ಬಡವರಿಗೆ ಊಟ ನೀಡುವ ಪಾಕಶಾಲೆಯೊಂದನ್ನು ವಕ್ಫ್ ಆಗಿ ಸ್ಥಾಪಿಸಿದಳು. ಕಾನೂನಿನ ದೃಷ್ಟಿಯಲ್ಲಿ ಅದು ಒಬ್ಬ ವ್ಯಕ್ತಿಯ ಧರ್ಮಕಾರ್ಯ. ಆದರೆ ಅದನ್ನು ನಡೆಸಿದ್ದು ಪ್ಯಾಲೆಸ್ಟೈನಿನ ಹಳ್ಳಿಗಳಿಂದ ಬರುತ್ತಿದ್ದ ಕಂದಾಯ. ಪ್ರಷ್ಯಾದ ಎಲ್ಬರ್‌ಫೆಲ್ಡ್ ನಗರ 1853ರಲ್ಲಿ ಇದಕ್ಕೆ ತಿರುಗುಮುರುಗಾದ ಕ್ರಮವನ್ನು ತಂದಿತು: ಹಣ ನಗರಸಭೆಯದು, ಅದನ್ನು ಮನೆಮನೆಗೆ ಹೋಗಿ ವಿಚಾರಿಸಿ ಕೊಡುವವರು ಸಂಬಳವಿಲ್ಲದ ನಾಗರಿಕರು, ಒಬ್ಬೊಬ್ಬರ ಪಾಲಿಗೆ ನಾಲ್ಕಕ್ಕಿಂತ ಹೆಚ್ಚು ಕುಟುಂಬಗಳಿರಬಾರದು. ಬ್ರಿಟನ್ನಿನ 1911ರ ರಾಷ್ಟ್ರೀಯ ವಿಮಾ ಕಾಯಿದೆಯಲ್ಲಿ ಕಡ್ಡಾಯ ಮಾಡಿದ್ದು ಪ್ರಭುತ್ವ. ವಾರದ ವಂತಿಗೆಯಲ್ಲಿ ಕಾರ್ಮಿಕನ 4 ಪೆನ್ಸ್, ಮಾಲೀಕನ 3, ಸರ್ಕಾರದ 2. ಕಾಯಿಲೆಯ ಭತ್ಯೆಯನ್ನು ಕೊಡುತ್ತಿದ್ದವರು ಮಾತ್ರ ಪರಸ್ಪರ ಸಹಾಯ ಸಂಘಗಳು, ಕಾರ್ಮಿಕ ಸಂಘಗಳು ಮತ್ತು ವಿಮಾ ಕಂಪನಿಗಳು ರಚಿಸಿದ ಅಂಗೀಕೃತ ಸಂಘಗಳು. ಈ ಮೂರನ್ನೂ ಒಂದೇ ಕೋಷ್ಟಕದಲ್ಲಿ ನಾಲ್ಕು ಅಂಕಣಗಳಾಗಿ ಬರೆದು ನೋಡಿದರೆ, ಖಾಸಗಿ ಮತ್ತು ಸರ್ಕಾರಿ ಎಂಬ ಎರಡು ಡಬ್ಬಿಗಳಲ್ಲಿ ಇವು ಹಿಡಿಸುವುದಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಈ ಪ್ರಶ್ನೆಗಳು ಎಷ್ಟು ದೂರ ಕೊಂಡೊಯ್ಯಬಲ್ಲವು ಎಂಬುದಕ್ಕೆ ತೊರೆದ ಮಕ್ಕಳನ್ನು ಸಾಕಲೆಂದು ಹುಟ್ಟಿದ ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್‌ನಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ತಿಳಿದಿಲ್ಲ. ನೌಕಾ ವ್ಯಾಪಾರದಲ್ಲಿದ್ದ ಥಾಮಸ್ ಕೋರಮ್ ವರ್ಷಗಟ್ಟಲೆ ಓಡಾಡಿ 1739ರಲ್ಲಿ ರಾಜನಿಂದ ಸನ್ನದು ಪಡೆದರು. 1741ರಲ್ಲಿ ಮೊದಲ ಮಕ್ಕಳನ್ನು ಸೇರಿಸಿಕೊಳ್ಳಲಾಯಿತು. ಬರುವ ಮಕ್ಕಳು ಹೆಚ್ಚು, ಜಾಗ ಕಡಿಮೆ. ಆದ್ದರಿಂದ ತಾಯಂದಿರು ಚೀಲದೊಳಗೆ ಕೈಯಿಟ್ಟು ಚೆಂಡು ತೆಗೆಯಬೇಕಾಗಿತ್ತು: ಬಿಳಿಯದು ಬಂದರೆ ಮಗುವಿಗೆ ಪ್ರವೇಶ, ಕೆಂಪಾದರೆ ಕಾಯಬೇಕು, ಕಪ್ಪಾದರೆ ಮಗುವನ್ನು ಎತ್ತಿಕೊಂಡು ಹಿಂದಿರುಗಬೇಕು. ಈ ಹಂತದಲ್ಲಿ ಹಣ ದಾನಿಗಳದ್ದು, ನಿರ್ಧಾರ ಆಡಳಿತ ಮಂಡಳಿಯದು. 1756ರಲ್ಲಿ ಪಾರ್ಲಿಮೆಂಟು 10,000 ಪೌಂಡುಗಳ ಅನುದಾನ ಕೊಟ್ಟಿತು. ಅದರೊಂದಿಗೆ ವಯಸ್ಸಿನ ಮಿತಿಯೊಳಗಿನ ಯಾವ ಮಗುವನ್ನೂ ತಿರಸ್ಕರಿಸಬಾರದೆಂಬ ಷರತ್ತು ಬಂದಿತು. ಮುಂದಿನ ನಾಲ್ಕು ವರ್ಷಗಳಲ್ಲಿ 15,000ದಷ್ಟು ಮಕ್ಕಳು ಬಂದರು, ದೂರದ ಪ್ಯಾರಿಷ್‌ಗಳು ತಮ್ಮ ಹೊರೆ ಇಳಿಸಿಕೊಳ್ಳಲು ಸಾಗಹಾಕಿದ ಮಕ್ಕಳೂ ಇದರಲ್ಲಿದ್ದರು, ಮತ್ತು ಒಟ್ಟು ಮಕ್ಕಳಲ್ಲಿ ಮೂರನೆಯ ಎರಡು ಭಾಗದಷ್ಟು ಬದುಕಲಿಲ್ಲ. 1760ರಲ್ಲಿ ಪಾರ್ಲಿಮೆಂಟು ಹೊಸ ಮಕ್ಕಳಿಗೆ ಹಣ ಕೊಡುವುದನ್ನು ನಿಲ್ಲಿಸಿತು.

ಸಿದ್ಧ ಕಥೆಯನ್ನು ನಂಬಿದವರು ಇದನ್ನು ಸರ್ಕಾರದ ಹಸ್ತಕ್ಷೇಪದಿಂದ ಕೆಟ್ಟ ದಾನವೆಂದೋ, ದಾನಸಂಸ್ಥೆಯ ಅಸಾಮರ್ಥ್ಯಕ್ಕೆ ಪುರಾವೆಯೆಂದೋ ಬರೆಯುತ್ತಾರೆ. ನಾಲ್ಕು ಪ್ರಶ್ನೆಗಳನ್ನಿಟ್ಟು ನೋಡಿದರೆ ಬೇರೆಯದು ಕಾಣುತ್ತದೆ. ಹಣ ಖಜಾನೆಯದಾಯಿತು, ಯಾರನ್ನು ಸೇರಿಸಬೇಕೆಂಬ ನಿರ್ಧಾರ ಪಾರ್ಲಿಮೆಂಟಿನದಾಯಿತು, ಮಕ್ಕಳನ್ನು ಸಾಕುವ ಹೊಣೆ ಮಾತ್ರ ಸಂಸ್ಥೆಯಲ್ಲೇ ಉಳಿಯಿತು. ಸಾವಿಗೆ ಉತ್ತರ ಹೇಳಬೇಕಾದವರು ಯಾರೆಂಬುದು ಎಲ್ಲೂ ನಿಗದಿಯಾಗಿರಲಿಲ್ಲ. ನಾಲ್ಕು ಉತ್ತರಗಳು ಹೀಗೆ ಬೇರ್ಪಡುವ ಹೊತ್ತನ್ನು ಹುಡುಕಿ, ಅಲ್ಲಿಯೇ ಹೆಚ್ಚು ಪುಟಗಳನ್ನು ವ್ಯಯಿಸಬೇಕು.

ದಾಖಲೆಗಳನ್ನು ಓದುವುದು

ದಾನಸಂಸ್ಥೆಗಳ ದಾಖಲೆಗಳಲ್ಲಿ ಸುಲಭವಾಗಿ ಸಿಗುವುದು ಮುದ್ರಿತ ವಾರ್ಷಿಕ ವರದಿ. ಅತ್ಯಂತ ಕಡಿಮೆ ನಂಬಬೇಕಾದದ್ದೂ ಅದೇ. ಅದು ದಾನಿಗಳಿಗೆಂದು ಬರೆದದ್ದು, ಮುಂದಿನ ವರ್ಷದ ಚಂದಾ ಬರಬೇಕೆಂಬ ಆಸೆಯಿಂದ ಬರೆದದ್ದು. ಅದರಲ್ಲಿ ಅಗತ್ಯ ಯಾವಾಗಲೂ ಹೆಚ್ಚುತ್ತಿರುತ್ತದೆ, ಸಂಸ್ಥೆ ಯಾವಾಗಲೂ ಯಶಸ್ವಿಯಾಗಿರುತ್ತದೆ, ಆದರೂ ಹಣ ಸಾಲದಿರುತ್ತದೆ. ವರದಿಯ ಮಾತುಗಳನ್ನು ಬದಿಗಿಟ್ಟು ಹಿಂಬದಿಯ ಪುಟಗಳಿಗೆ ಹೋಗುವುದು ಒಳ್ಳೆಯದು. ಅಲ್ಲಿ ದಾನಿಗಳ ಪಟ್ಟಿಯೂ, ಇಂತಿಷ್ಟು ಕೊಟ್ಟವರಿಗೆ ಏನೇನು ಹಕ್ಕುಗಳಿವೆ ಎಂಬ ನಿಯಮಗಳೂ ಇರುತ್ತವೆ. 19ನೆಯ ಶತಮಾನದ ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ರೋಗಿ ಒಳಗೆ ಹೋಗಲು ಚಂದಾದಾರರ ಶಿಫಾರಸು ಪತ್ರ ಬೇಕಿತ್ತು; ಕೆಲವು ಅನಾಥಾಲಯಗಳಲ್ಲಿ ಯಾವ ಮಗುವಿಗೆ ಜಾಗ ಎಂಬುದನ್ನು ಚಂದಾದಾರರು ಮತ ಹಾಕಿ ತೀರ್ಮಾನಿಸುತ್ತಿದ್ದರು, ಹೆಚ್ಚು ಕೊಟ್ಟವರಿಗೆ ಹೆಚ್ಚು ಮತ. ಔದಾರ್ಯದ ಹಿಂದೆ ಇದ್ದ ಅಧಿಕಾರ ಎಷ್ಟೆಂದು ತಿಳಿಯಲು ಈ ನಿಯಮಗಳ ಒಂದು ಪುಟವೇ ಸಾಕಾಗುತ್ತದೆ.

ಜಮಾಖರ್ಚನ್ನು ಪ್ರತಿವರ್ಷ ನಕಲು ಮಾಡುವ ಅಗತ್ಯವಿಲ್ಲ. ಐದು ಅಥವಾ ಹತ್ತು ವರ್ಷಕ್ಕೊಮ್ಮೆ ಆದಾಯವನ್ನು ಬಾಬತ್ತುವಾರು ಬರೆದುಕೊಂಡರೆ ಸಾಕು: ಚಂದಾ, ಉಯಿಲಿನಿಂದ ಬಂದದ್ದು, ಹೂಡಿಕೆಯ ಬಡ್ಡಿ, ಫಲಾನುಭವಿಗಳಿಂದಲೇ ಪಡೆದ ಶುಲ್ಕ, ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಪಾವತಿ. ಉಯಿಲಿನ ಹಣ ಒಂದು ವರ್ಷ ಹೊಳೆಯಾಗಿ ಹರಿದು ಮರುವರ್ಷ ಬತ್ತಿರುವುದರಿಂದ ಒಂದೇ ವರ್ಷದ ಅಂಕಿಯನ್ನು ನೆಚ್ಚದೆ ಮೂರು ವರ್ಷಗಳ ಸರಾಸರಿ ತೆಗೆಯುವುದು ಕ್ಷೇಮ. ಈ ಕೋಷ್ಟಕ ಅನೇಕ ಸಲ ಕಣ್ಣು ತೆರೆಸುತ್ತದೆ. 1930ರ ದಶಕದ ಹೊತ್ತಿಗೆ ಬ್ರಿಟನ್ನಿನ ದಾನಾಧಾರಿತ ಆಸ್ಪತ್ರೆಗಳಲ್ಲಿ ಅನೇಕವು ನಡೆಯುತ್ತಿದ್ದುದು ದಾನದಿಂದ ಎನ್ನುವುದಕ್ಕಿಂತ ರೋಗಿಗಳ ಪಾವತಿಯಿಂದ ಮತ್ತು ಕಾರ್ಮಿಕರ ವಾರದ ವಂತಿಗೆ ಯೋಜನೆಗಳಿಂದ. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಅವುಗಳನ್ನು ವಶಕ್ಕೆ ತೆಗೆದುಕೊಂಡಾಗ ಪ್ರಭುತ್ವ ದಾನವನ್ನು ನುಂಗಿತು ಎಂದು ಬರೆಯುವವರು ಮೊದಲು ಈ ಬಾಬತ್ತುಗಳನ್ನು ನೋಡಬೇಕು.

ಹಳೆಯ ಮೊತ್ತಗಳನ್ನು ಇಂದಿನ ಹಣಕ್ಕೆ ಪರಿವರ್ತಿಸಿ ಬರೆಯುವ ಚಪಲವನ್ನು ಬಿಡಬೇಕು. ಅಂದಿನ ಕೂಲಿಯೊಂದಿಗೋ ಅದೇ ಸಂಸ್ಥೆಯ ಅಡುಗೆಯವರ ಸಂಬಳದೊಂದಿಗೋ ಹೋಲಿಸಿದರೆ ಓದುಗರಿಗೆ ಹೆಚ್ಚು ಅರ್ಥವಾಗುತ್ತದೆ.

ಪ್ರಭುತ್ವದ ಕಡೆಯ ದಾಖಲೆಗಳಲ್ಲಿ ಕಾಯಿದೆಯ ಪಠ್ಯಕ್ಕಿಂತ ತನಿಖಾಧಿಕಾರಿಗಳ ವರದಿಗಳೂ ವಿಚಾರಣಾ ಆಯೋಗಗಳ ಸಾಕ್ಷ್ಯಗಳೂ ಹೆಚ್ಚು ಬೆಲೆಯವು, ಏಕೆಂದರೆ ಕಾಯಿದೆ ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರ ಅಲ್ಲಿ ಬಯಲಾಗುತ್ತದೆ. ಬಡವರ ಕಾಯಿದೆಗೆ ಇಂಗ್ಲೆಂಡಿನಲ್ಲಿ 1834ರಲ್ಲಿ ಬಂದ ತಿದ್ದುಪಡಿ ಕಾಯಿದೆಯ ಆಶಯದಂತೆ ದುಡಿಯಬಲ್ಲವರಿಗೆ ನೆರವು ಸಿಗಬೇಕಾದದ್ದು ವರ್ಕ್‌ಹೌಸಿನ, ಅಂದರೆ ಬಡವರನ್ನು ಇರಿಸಿ ದುಡಿಸುತ್ತಿದ್ದ ನಿಲಯದ, ಒಳಗೆ ಮಾತ್ರ, ಅದೂ ಹೊರಗಿನ ಅತಿ ಬಡ ಕೂಲಿಯವನ ಸ್ಥಿತಿಗಿಂತ ಕೀಳಾದ ಸ್ಥಿತಿಯಲ್ಲಿ. ವಾಸ್ತವದಲ್ಲಿ 19ನೆಯ ಶತಮಾನದ ಉದ್ದಕ್ಕೂ ನೆರವು ಪಡೆದವರಲ್ಲಿ ಹೆಚ್ಚಿನವರು ತಮ್ಮ ಮನೆಗಳಲ್ಲೇ ಇದ್ದು ಅದನ್ನು ಪಡೆದರು.

ನೆರವು ಪಡೆದವರ ದನಿ ಸಿಗುವುದು ಕಷ್ಟ, ಆದರೆ ಅಸಾಧ್ಯವಲ್ಲ. ಮೂಲ ಪ್ಯಾರಿಷ್ ಬಿಟ್ಟು ದೂರ ಹೋಗಿದ್ದ ಬಡವರು ಸಹಾಯಕ್ಕಾಗಿ ಅಲ್ಲಿನ ಮೇಲ್ವಿಚಾರಕರಿಗೆ ಬರೆದ ಪತ್ರಗಳು ಇಂಗ್ಲೆಂಡಿನ ಸ್ಥಳೀಯ ದಾಖಲೆಗಾರಗಳಲ್ಲಿ ಉಳಿದಿವೆ. ಅವುಗಳಲ್ಲಿ ಬೇಡಿಕೆ ಇದೆ, ವಿನಯವಿದೆ, ಕೊಡದಿದ್ದರೆ ಕುಟುಂಬ ಸಮೇತ ಹಿಂದಿರುಗುತ್ತೇವೆ, ಆಗ ನಿಮಗೇ ಖರ್ಚು ಹೆಚ್ಚು ಎಂಬ ಜಾಣ ಎಚ್ಚರಿಕೆಯೂ ಇದೆ. ಫೌಂಡ್ಲಿಂಗ್ ಹಾಸ್ಪಿಟಲ್‌ನ ಕಡತಗಳಲ್ಲಿ, ಮುಂದೊಂದು ದಿನ ಗುರುತು ಹಿಡಿಯಲೆಂದು ಮಕ್ಕಳ ಜೊತೆಗಿಟ್ಟ ಬಟ್ಟೆಯ ತುಂಡುಗಳು ಪಿನ್ನು ಹಾಕಿದಂತೆಯೇ ಉಳಿದಿವೆ. ಇಂಥ ವಸ್ತುವನ್ನೂ ದಾಖಲೆಯೆಂದೇ ಎಣಿಸಿ ವಿವರ ಬರೆದುಕೊಳ್ಳಬೇಕು.

ಯಾರಿಗೆ ಇಲ್ಲವೆಂದರು

ಪ್ರತಿ ಏರ್ಪಾಟಿನಲ್ಲೂ ತಿರಸ್ಕೃತರ ಪಟ್ಟಿಯನ್ನು ಹುಡುಕಿ. ಯೋಗ್ಯ ಬಡವ ಮತ್ತು ಅಯೋಗ್ಯ ಬಡವ ಎಂಬ ವಿಂಗಡಣೆ ದಾನಿಗಳದ್ದೋ ಸರ್ಕಾರದ್ದೋ ಎಂದು ಕೇಳಿದರೆ, ಅದು ಇಬ್ಬರ ನಡುವೆ ಓಡಾಡಿಕೊಂಡೇ ಬೆಳೆಯಿತು ಎನ್ನಬೇಕಾಗುತ್ತದೆ. 1869ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಚಾರಿಟಿ ಆರ್ಗನೈಸೇಷನ್ ಸೊಸೈಟಿ ಪ್ರತಿ ಅರ್ಜಿದಾರನ ಮನೆ, ಮಾಲೀಕ, ನೆಂಟರು ಎಲ್ಲವನ್ನೂ ವಿಚಾರಿಸಿ ಕಡತ ತೆರೆಯುವ ಪದ್ಧತಿಯನ್ನು ಬೆಳೆಸಿತು. ಅದೇ ವರ್ಷದ ನವೆಂಬರಿನಲ್ಲಿ ಬಡವರ ಕಾಯಿದೆಯ ಮಂಡಳಿಯ ಅಧ್ಯಕ್ಷ ಜಾರ್ಜ್ ಗೋಷೆನ್ ಹೊರಡಿಸಿದ ಟಿಪ್ಪಣಿಯಲ್ಲಿ, ಪೂರ್ತಿ ನಿರ್ಗತಿಕರು ಸರ್ಕಾರದ ಪಾಲು, ಅಲ್ಪಸ್ವಲ್ಪ ಆದಾಯವಿದ್ದು ಕಷ್ಟದಲ್ಲಿರುವವರು ದಾನಸಂಸ್ಥೆಗಳ ಪಾಲು ಎಂಬ ಗೆರೆ ಎಳೆಯಲಾಯಿತು. ಆಚರಣೆಯಲ್ಲಿ ಯೋಗ್ಯರೆಂದು ಕಂಡವರು ದಾನಕ್ಕೂ ಉಳಿದವರು ವರ್ಕ್‌ಹೌಸಿಗೂ ಹೋಗುವಂತಾಯಿತು.

ಹಕ್ಕಿನ ಭಾಷೆ ಬಂದ ಮೇಲೂ ಈ ತೂಗುವಿಕೆ ಥಟ್ಟನೆ ಮಾಯವಾಗಲಿಲ್ಲ. ಬ್ರಿಟನ್ನಿನಲ್ಲಿ 1908ರ ಕಾಯಿದೆಯಂತೆ 70 ದಾಟಿದವರಿಗೆ ವಾರಕ್ಕೆ 5 ಷಿಲಿಂಗ್ ಪಿಂಚಣಿ ಅಂಚೆ ಕಚೇರಿಯಲ್ಲಿ ಸಿಗತೊಡಗಿತು. ಅದಕ್ಕೆ ವಂತಿಗೆ ಕಟ್ಟಬೇಕಿರಲಿಲ್ಲ, ಯಾವ ದಾನಿಯ ಪತ್ರವೂ ಬೇಕಿರಲಿಲ್ಲ. ಆದರೆ ಆರಂಭದಲ್ಲಿ ಈಚೆಗೆ ಬಡವರ ಕಾಯಿದೆಯ ನೆರವು ಪಡೆದಿದ್ದವರಿಗೂ, ಶಕ್ತಿಯಿದ್ದೂ ದುಡಿಯುವ ಅಭ್ಯಾಸವಿಲ್ಲದವರೆಂದು ಕಂಡವರಿಗೂ ಅದು ಇರಲಿಲ್ಲ. ದಾನಸಂಸ್ಥೆಯ ವಿಚಾರಣಾಧಿಕಾರಿ ಕೇಳುತ್ತಿದ್ದ ಪ್ರಶ್ನೆ ಈಗ ಕಾಯಿದೆಯ ಒಂದು ಕಲಮು ಆಗಿತ್ತು.

ಏಣಿಯ ಕಥೆಯಿಂದ ತಪ್ಪಿಸಿಕೊಳ್ಳುವುದು

20ನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಸಮಾಜ ಸುಧಾರಕರಾದ ಸಿಡ್ನಿ ಮತ್ತು ಬಿಯಾಟ್ರಿಸ್ ವೆಬ್ ದಂಪತಿ ಎರಡು ಹೋಲಿಕೆಗಳನ್ನು ಚರ್ಚೆಗೆ ತಂದರು. ಪ್ರಭುತ್ವ ಮತ್ತು ದಾನಸಂಸ್ಥೆಗಳು ತಮ್ಮ ತಮ್ಮ ಬಡವರನ್ನು ಹಂಚಿಕೊಂಡು ಸಮಾನಾಂತರ ಕಂಬಿಗಳಂತೆ ಇರಬೇಕೆಂಬುದು ಗೋಷೆನ್ ಟಿಪ್ಪಣಿಯ ದಾರಿ. ಪ್ರಭುತ್ವ ಎಲ್ಲರಿಗೂ ಒಂದು ಕನಿಷ್ಠ ಮಟ್ಟವನ್ನು ಖಾತರಿಪಡಿಸಿ, ದಾನಸಂಸ್ಥೆ ಅದರ ಮೇಲೆ ಚಾಚುವ ಏಣಿಯಾಗಬೇಕೆಂಬುದು ವೆಬ್ ದಂಪತಿಯ ದಾರಿ. ಇವೆರಡೂ ಹೀಗಿರಬೇಕು ಎಂಬ ವಾದಗಳು, ಹೀಗಿತ್ತು ಎಂಬ ವರ್ಣನೆಗಳಲ್ಲ. ಚರಿತ್ರೆಕಾರರು ಇವನ್ನು ಚೌಕಟ್ಟಾಗಿ ಬಳಸದೆ ಆ ಕಾಲದ ದಾಖಲೆಗಳಾಗಿ ಓದುವುದು ಮೇಲು.

ಚಲನೆ ಒಂದೇ ದಿಕ್ಕಿನದಲ್ಲ ಎಂಬುದಕ್ಕೆ ಬೇಕಾದಷ್ಟು ನಿದರ್ಶನಗಳಿವೆ. ಭಾರತದಲ್ಲಿ ಮದ್ರಾಸಿನ 1817ರ ರೆಗ್ಯುಲೇಷನ್ ದೇವಾಲಯ, ಮಸೀದಿ, ಛತ್ರ ಮತ್ತು ಸೇತುವೆಗಳ ದತ್ತಿಗಳನ್ನು ಕಂದಾಯ ಮಂಡಳಿಯ ಮೇಲ್ವಿಚಾರಣೆಗೆ ತಂದಿತು; 1863ರ ಕಾಯಿದೆ ಧಾರ್ಮಿಕ ದತ್ತಿಗಳಿಂದ ಸರ್ಕಾರವನ್ನು ಹಿಂದಕ್ಕೆ ಸರಿಸಿ ಸಮಿತಿಗಳಿಗೆ ಒಪ್ಪಿಸಿತು; 1890ರ ಕಾಯಿದೆ ಧರ್ಮಾರ್ಥ ದತ್ತಿಗಳ ಆಸ್ತಿಯನ್ನು ಇಟ್ಟುಕೊಳ್ಳಲು ಸರ್ಕಾರದ್ದೇ ಖಜಾಂಚಿಯನ್ನು ಏರ್ಪಡಿಸಿತು; 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸರ್ಕಾರದ ಹಣವನ್ನು ಸ್ವಯಂಸೇವಾ ಸಂಸ್ಥೆಗಳಿಗೆ ಹಂಚತೊಡಗಿತು. ಅಮೆರಿಕದಲ್ಲಿ ಕೇಂದ್ರದ ಪರಿಹಾರ ಆಡಳಿತದ ಮುಖ್ಯಸ್ಥ ಹ್ಯಾರಿ ಹಾಪ್ಕಿನ್ಸ್ 1933ರಲ್ಲಿ ಕೇಂದ್ರದ ಪರಿಹಾರ ಹಣವನ್ನು ಸರ್ಕಾರಿ ಸಂಸ್ಥೆಗಳೇ ಹಂಚಬೇಕೆಂದು ಕಟ್ಟಳೆ ಮಾಡಿದಾಗ, ಹಲವೆಡೆ ಖಾಸಗಿ ಸಂಸ್ಥೆಗಳ ಕಾರ್ಯಕರ್ತರು ಅದೇ ಕೆಲಸವನ್ನು ಸರ್ಕಾರದ ಹೆಸರಿನಲ್ಲಿ ಮುಂದುವರಿಸಿದರು. ಕಾಗದದ ಮೇಲೆ ಭಾರಿ ಬದಲಾವಣೆ. ಅರ್ಜಿದಾರನಿಗೆ ಕಂಡದ್ದು ಹಳೆಯ ಮುಖವೇ. ಸಾಮಾಜಿಕ ವಿಮೆಯ ಕುರಿತ 1942ರ ವರದಿಯಿಂದ ಬ್ರಿಟನ್ನಿನ ಕಲ್ಯಾಣ ರಾಜ್ಯದ ಶಿಲ್ಪಿಯೆಂದು ಹೆಸರಾದ ವಿಲಿಯಂ ಬೆವರಿಜ್ 1948ರಲ್ಲಿ ಸ್ವಯಂಪ್ರೇರಿತ ಸೇವೆಯ ಪರವಾಗಿಯೇ ಇನ್ನೊಂದು ವರದಿ ಬರೆದದ್ದನ್ನೂ ಇಲ್ಲಿ ಸೇರಿಸಿಕೊಳ್ಳಬಹುದು.

ಈಚಿನ ದಶಕಗಳನ್ನು ಬರೆಯುವವರಿಗೆ ಒಂದು ವಿಶೇಷ ತೊಡಕಿದೆ. ಬ್ರಿಟನ್ನಿನಲ್ಲಿ 1990ರ ಸಮುದಾಯ ಆರೈಕೆ ಕಾಯಿದೆಯ ನಂತರ ಸ್ಥಳೀಯ ಸಂಸ್ಥೆಗಳು ಆರೈಕೆಯ ಸೇವೆಗಳನ್ನು ಹೊರಗಿನವರಿಂದ ಕೊಳ್ಳುವುದು ಹೆಚ್ಚಿತು. ಬೇರೆ ದೇಶಗಳಲ್ಲೂ ಇದೇ ಬಗೆಯ ಕರಾರುಗಳು ಬಂದವು. ಸರ್ಕಾರದ ಹಣ ಅನುದಾನವಾಗಿ ಬಂದರೆ ಒಂದು ಅರ್ಥ, ಸೇವೆಯ ಬೆಲೆಯಾಗಿ ಬಂದರೆ ಇನ್ನೊಂದು. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಸಾಲಿನಲ್ಲಿ ಕುಳಿತಿರಬಹುದು. ಆದ್ದರಿಂದ ಇಲ್ಲಿ ಮೊತ್ತಕ್ಕಿಂತ ಕರಾರಿನ ಷರತ್ತುಗಳನ್ನು, ಅದರಲ್ಲೂ ಯಾರನ್ನು ಸೇವೆಗೆ ಅರ್ಹರೆಂದು ತೀರ್ಮಾನಿಸುವ ಅಧಿಕಾರ ಯಾರಲ್ಲಿ ಉಳಿಯಿತು ಎಂಬ ಕಲಮನ್ನು ಮೊದಲು ಹುಡುಕಬೇಕು. ವ್ಯವಹಾರದ ಗೌಪ್ಯತೆಯ ಹೆಸರಿನಲ್ಲಿ ಕರಾರು ಸಿಗದಿದ್ದರೆ ಸ್ಥಳೀಯ ಸಂಸ್ಥೆಯ ಸಭಾ ನಡವಳಿ ಮತ್ತು ಲೆಕ್ಕಪರಿಶೋಧನಾ ವರದಿಗಳಲ್ಲಿ ಅದರ ನೆರಳಾದರೂ ಸಿಕ್ಕುತ್ತದೆ.

ಕಡೆಯದಾಗಿ, ಮುಗಿಸುವ ವರ್ಷ. ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಮಕ್ಕಳ ನಿಲಯದ ಕಥೆಯಾದರೆ 1954ರಲ್ಲಿ ಕೊನೆಯ ಮಕ್ಕಳು ಹೊರಟಲ್ಲಿಗೆ ನಿಲ್ಲಿಸಬಹುದು. ತೊರೆದ ಮಕ್ಕಳ ಕಥೆಯಾದರೆ, ದತ್ತುಸ್ವೀಕಾರವನ್ನು ಕಾನೂನಿಗೆ ತಂದ 1926ರ ಕಾಯಿದೆ, ಮಕ್ಕಳ ವಿಭಾಗಗಳನ್ನು ಸ್ಥಳೀಯ ಸಂಸ್ಥೆಗಳಲ್ಲಿ ಕಡ್ಡಾಯಗೊಳಿಸಿದ 1948ರ ಕಾಯಿದೆ ಇವುಗಳನ್ನು ದಾಟಿ, ಕೋರಮ್ ಹೆಸರಿನಲ್ಲೇ ಇಂದಿಗೂ ಮಕ್ಕಳ ದತ್ತುಸ್ವೀಕಾರದ ಕೆಲಸ ನಡೆಸುತ್ತಿರುವ ದಾನಸಂಸ್ಥೆಯವರೆಗೆ ಬರಬೇಕಾಗುತ್ತದೆ. ಅಲ್ಲಿಯೂ ಮೊದಲು ತೆರೆಯಬೇಕಾದದ್ದು ಜಮಾಖರ್ಚಿನ ಪುಟವನ್ನೇ.